ಅಡಗೂಲಜ್ಜಿಯ ಕಥೆಯೂ ಪ್ರಾಥಮಿಕ ಪಾಠಕ್ರಮವೂ

ಮಕ್ಕಳ ಕಥೆಗಳನ್ನು ಕುರಿತು ಪಂಡಿತರೆನಿಸಿಕೊಂಡವರು ಲೇಖನ ಬರೆಯುವುದು ನಮ್ಮಲ್ಲಿ ವಾಡಿಕೆಯಲ್ಲ. ‘ಅಡಗೂಲಜ್ಜಿಯ ಕಥೆ’ ಎಂಬುದನ್ನು ನಂಬಲರ್ಹವಲ್ಲದ ಮಾತಿಗೆ ಪರ್ಯಾಯವಾಗಿ ಉಪಯೋಗಿಸುತ್ತ ಬಂದಿರುವ ನಾವು, ಆ ಕಥೆಗೂ ಒಂದು ಲಕ್ಷಣವುಂಟೆ, ಒಂದು ಪ್ರಯೋಜನವುಂಟೆ ಎಂದು ವಿಚಾರಿಸಿದುದು ಕಡಮೆ. ಆದರೆ ಈ ಕಥೆಗಳು ಈಗ ಅಜ್ಜಿಯ ಮಗ್ಗುಲನ್ನು ಬಿಟ್ಟು ಪಾಠಶಾಲೆಯ ವೇಳಾಪಟ್ಟಿಯನ್ನು ಸೇರಿವೆ. ಇಂಗ್ಲೆಂಡಿನಲ್ಲಿ 2014ರಲ್ಲಿ ಆಚರಣೆಗೆ ಬಂದ ರಾಷ್ಟ್ರೀಯ ಪಾಠಕ್ರಮವು, ಮೊದಲನೆಯ ವರ್ಷದ ಮಕ್ಕಳು ಇಂತಹ ಕಥೆಗಳಲ್ಲಿ ಚೆನ್ನಾಗಿ ಪಳಗಿ ಅವನ್ನು ತಮ್ಮ ಮಾತಿನಲ್ಲಿ ಮರಳಿ ಹೇಳಬಲ್ಲವರಾಗಬೇಕೆಂದು ವಿಧಿಸಿದೆ. ವಿಧಿಯು ಅಷ್ಟಕ್ಕೇ ನಿಂತಿದ್ದರೂ ಬೋಧಕರ ಉತ್ಸಾಹವು ಅಷ್ಟಕ್ಕೆ ನಿಲ್ಲುವುದಿಲ್ಲ. ಒಂದೇ ಕಥೆಯನ್ನು ಭಾಷೆ, ಗಣಿತ, ಪ್ರಕೃತಿಪಾಠ, ಚಿತ್ರಲೇಖನ, ಆರೋಗ್ಯಬೋಧೆ ಇವೆಲ್ಲವುಗಳ ನಡುಗಂಬವನ್ನಾಗಿ ನೆಡುವ ಪದ್ಧತಿಯು ಹಲವು ದೇಶಗಳಲ್ಲಿ ಕಾಣಬರುತ್ತಿದೆ. ಈ ಪದ್ಧತಿಯ ಗುಣದೋಷಗಳನ್ನು ಸಾಹಿತ್ಯದ ದೃಷ್ಟಿಯಿಂದ ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಇವನ್ನು ಕೆಲವರು ಕಿನ್ನರಕಥೆಗಳೆನ್ನುತ್ತಾರೆ. ಗ್ರಿಮ್ ಸಹೋದರರ ಸಂಗ್ರಹವನ್ನು ತೆರೆದು ನೋಡಿದವರಿಗೆ ಅಲ್ಲಿ ಕಿನ್ನರರು ಎಷ್ಟು ವಿರಳರೆಂಬುದು ಗೊತ್ತು. ತೋಳ, ಕಪ್ಪೆ, ಬಡ ದರ್ಜಿ, ಗಿರಣಿಯವನ ಮಗಳು, ಇವರೇ ಹೆಚ್ಚು. ಆದುದರಿಂದ ನಾನು ‘ಅದ್ಭುತಕಥೆ’ ಎಂಬ ಮಾತನ್ನೇ ಇಟ್ಟುಕೊಳ್ಳುತ್ತೇನೆ. ಪೆರೋ ಎಂಬ ಫ್ರೆಂಚ್ ವಿದ್ವಾಂಸನು 1697ರಲ್ಲಿ ಪ್ರಕಟಿಸಿದ ಕಥೆಗಳೂ, ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ಸಹೋದರರು 1812ರಿಂದ ಮೊದಲ್ಗೊಂಡು ಪ್ರಕಟಿಸುತ್ತ ಬಂದ ಜರ್ಮನ್ ಕಥೆಗಳೂ ಈ ಹೆಸರಿನಲ್ಲಿ ಅಡಗುತ್ತವೆ. ಡೆನ್ಮಾರ್ಕಿನ ಆಂಡರ್ಸನ್ನನ ಕಥೆಗಳು ಬಹುಮಟ್ಟಿಗೆ ಒಬ್ಬ ಕವಿಯ ಸ್ವಂತ ಸೃಷ್ಟಿಗಳಾದುದರಿಂದ ಅವುಗಳ ವಿಚಾರವೇ ಬೇರೆ. ಇಲ್ಲಿ ಅವನ್ನು ಎತ್ತಿಕೊಂಡಿಲ್ಲ.

ಈ ವಿಷಯವನ್ನು ಕುರಿತು ನಾನು ಯೋಚಿಸುವಂತಾದುದು ಒಬ್ಬ ಉಪಾಧ್ಯಾಯಿನಿಯವರಿಂದ. ಪ್ರಾಥಮಿಕ ಶಾಲೆಯೊಂದರಲ್ಲಿ ಕೆಲಸಮಾಡುವ ಆಕೆ ತಾವು ಸಿದ್ಧಪಡಿಸಿದ ಹತ್ತು ದಿನಗಳ ಪಾಠಯೋಜನೆಯನ್ನು ತಂದು ನನ್ನ ಅಭಿಪ್ರಾಯವನ್ನು ಕೇಳಿದರು. ವಸ್ತುವು ಕೆಂಪು ಟೋಪಿಯ ಹುಡುಗಿಯ ಕಥೆ. ಮೊದಲನೆಯ ದಿನ ಪುಸ್ತಕದ ಮೇಲ್ಹೊದಿಕೆಯ ಚಿತ್ರವನ್ನು ನೋಡಿ ಕಥೆಯನ್ನು ಊಹಿಸುವುದು. ಎರಡನೆಯ ದಿನ ಹುಡುಗಿಯು ಬುಟ್ಟಿಯಲ್ಲಿ ಕೊಂಡೊಯ್ದ ತಿಂಡಿಗಳ ಲೆಕ್ಕ. ಮೂರನೆಯ ದಿನ ಕಾಡಿನ ನಕ್ಷೆ. ಆಮೇಲೆ ತೋಳದ ಆಹಾರ, ಅಪರಿಚಿತರೊಡನೆ ಮಾತನಾಡಬಾರದೆಂಬ ಉಪದೇಶ, ಬಣ್ಣದ ಕಾಗದದ ಟೋಪಿ. ಒಂದೊಂದು ದಿನಕ್ಕೆ ಕಥೆಯ ಒಂದೊಂದು ತುಣುಕು. ಅಜ್ಜಿಯು ತೋಳದ ಹೊಟ್ಟೆಯಿಂದ ಹೊರಕ್ಕೆ ಬರುವುದು ಹತ್ತನೆಯ ದಿನ, ‘ಕಥೆಯ ನೀತಿಯೇನು?’ ಎಂಬ ಪ್ರಶ್ನೆಗೆ ಸ್ವಲ್ಪ ಮುಂಚೆ. ಯೋಜನೆಯು ಶ್ರದ್ಧೆಯಿಂದ ಮಾಡಿದುದು, ಅಕ್ಷರ ಮುತ್ತಿನಂತಿದ್ದಿತು. ಆದರೂ ಓದುತ್ತ ಹೋದಂತೆ ನನಗೆ ನನ್ನ ಬಾಲ್ಯದ ಪಾರಿವಾಳಗಳು ನೆನಪಾದುವು.

ಸಂಸ್ಕೃತ ಪಾಠಶಾಲೆಯಲ್ಲಿ ನಮಗೆ ಹಿತೋಪದೇಶದ ಮಿತ್ರಲಾಭವನ್ನು ಹೇಳಿಕೊಟ್ಟರು. ಹೇಳಿಕೊಟ್ಟರು ಎನ್ನುವುದಕ್ಕಿಂತ ಬಿಡಿಸಿಕೊಟ್ಟರು ಎಂಬುದೇ ಸರಿ. ಕಪೋತರಾಜನಾದ ಚಿತ್ರಗ್ರೀವನು ತನ್ನ ಪರಿವಾರದೊಡನೆ ಬೇಡನ ಬಲೆಯಲ್ಲಿ ಸಿಕ್ಕಿಬೀಳುತ್ತಾನೆ. ಎಲ್ಲರೂ ಒಂದಾಗಿ ಬಲೆಯೊಡನೆಯೇ ಮೇಲಕ್ಕೆ ಹಾರುತ್ತಾರೆ. ಅಷ್ಟರಲ್ಲಿ ಒಂದು ಸಮಾಸ ಬಂದಿತು. ವಿಗ್ರಹವಾಕ್ಯ, ಸಮಾಸದ ಹೆಸರು, ಆಮೇಲೆ ಶಬ್ದದ ಇಪ್ಪತ್ತುನಾಲ್ಕು ರೂಪಗಳು, ಆಮೇಲೆ ಧಾತುವಿನ ಲಕಾರಗಳು. ಮಳೆಗಾಲದ ರಜೆಯೂ ಬಂದು ಹೋಯಿತು. ಪಾರಿವಾಳಗಳು ಬಲೆಯೊಡನೆ ಆಕಾಶದಲ್ಲಿಯೇ ಇದ್ದುವು. ರಾಜನು ಗಂಡಕಿಯ ತೀರದಲ್ಲಿದ್ದ ತನ್ನ ಮಿತ್ರನಾದ ಹಿರಣ್ಯಕನೆಂಬ ಇಲಿಯ ಬಳಿಗೆ ಹೋದನೆಂದೂ, ಆ ಇಲಿಯು ಮೊದಲು ರಾಜನ ಪಾಶವನ್ನು ಕಡಿಯಲು ಬಂದಾಗ ರಾಜನು ತಡೆದು, ಮೊದಲು ತನ್ನ ಆಶ್ರಿತರ ಪಾಶಗಳನ್ನು ಕಡಿಯೆಂದು ಹೇಳಿದನೆಂದೂ ನನಗೆ ತಿಳಿದುದು ಎಷ್ಟೋ ತಿಂಗಳ ಮೇಲೆ. ಆ ವೇಳೆಗೆ ನಮ್ಮಲ್ಲಿ ಯಾರಿಗೂ ಆ ಪಾರಿವಾಳಗಳ ಕ್ಷೇಮವು ಬೇಕಾಗಿರಲಿಲ್ಲ. ಗುರುಗಳನ್ನು ದೂಷಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವರು ಕಲಿಸಿದ ವ್ಯಾಕರಣದ ಬಲದಿಂದಲೇ ಇಂದಿಗೂ ನನ್ನ ಜೀವನವು ಸಾಗುತ್ತಿದೆ. ಆದರೆ ಆ ಕಥೆಯ ಪ್ರಾಣವೆಲ್ಲ ಇದ್ದುದು ‘ಮೊದಲು ಅವರನ್ನು ಬಿಡಿಸು’ ಎಂಬ ಆ ಒಂದು ಮಾತಿನಲ್ಲಿ. ಆ ಮಾತು ನಮ್ಮ ಬಳಿಗೆ ಬಂದಾಗ ಅದು ಲೋಟ್ ಪ್ರತ್ಯಯಕ್ಕೆ ಒಂದು ಉದಾಹರಣೆಯಾಗಿತ್ತು.

ಕಥೆಯನ್ನು ಸರ್ವವಿಷಯಗಳ ಕೇಂದ್ರವನ್ನಾಗಿ ಮಾಡುವ ಯೋಚನೆಯು ಹೊಸದೆಂದು ಅನೇಕರು ಭಾವಿಸಿರುವಂತೆ ತೋರುತ್ತದೆ. ಅದು ನೂರೈವತ್ತು ವರ್ಷಗಳಷ್ಟು ಹಳೆಯದು. ಜರ್ಮನಿಯ ಲೈಪ್ಸಿಗ್ ವಿಶ್ವವಿದ್ಯಾನಿಲಯದಲ್ಲಿದ್ದ ತುಯಿಸ್ಕೊನ್ ತ್ಸಿಲರ್ (1817–1882) ಎಂಬ ಶಿಕ್ಷಣಶಾಸ್ತ್ರಜ್ಞನು, ತತ್ತ್ವಜ್ಞನಾದ ಹೆರ್ಬಾರ್ಟನ ಮತವನ್ನು ಹಿಡಿದು ಬೆಳೆಸಿ, ಎಂಟು ವರ್ಷಗಳ ಪಾಠಕ್ರಮವೊಂದನ್ನು ಕಲ್ಪಿಸಿದನು. ಮಾನವಕುಲವು ಯಾವ ಯಾವ ಯುಗಗಳನ್ನು ದಾಟಿ ಬಂದಿತೋ ಮಗುವೂ ಆ ಯುಗಗಳನ್ನು ಅದೇ ಕ್ರಮದಲ್ಲಿ ದಾಟಬೇಕೆಂಬುದು ಅವನ ಸಿದ್ಧಾಂತ. ಇದರಂತೆ ಮೊದಲನೆಯ ವರ್ಷಕ್ಕೆ ಗ್ರಿಮ್ ಸಂಗ್ರಹದ ಹನ್ನೆರಡು ಕಥೆಗಳು, ಎರಡನೆಯ ವರ್ಷಕ್ಕೆ ರಾಬಿನ್ಸನ್ ಕ್ರೂಸೋ, ಮುಂದಿನ ವರ್ಷಗಳಿಗೆ ಐತಿಹ್ಯಗಳು ಮತ್ತು ಇತಿಹಾಸ. ಆಯಾ ವರ್ಷದ ಕಥಾವಸ್ತುವೇ ಕೇಂದ್ರ. ಉಳಿದ ಪಾಠಗಳೆಲ್ಲ ಅದನ್ನು ಸುತ್ತತಕ್ಕವು. ಇದನ್ನು ಅವನು ‘ಏಕಾಗ್ರೀಕರಣ’ ಎಂಬ ಅರ್ಥದ ಮಾತಿನಿಂದ ಕರೆದನು. ಯೇನಾ ನಗರದ ವಿಲ್ಹೆಲ್ಮ್ ರೈನ್ ಮೊದಲಾದವರು ಈ ಕ್ರಮವನ್ನು ಮುಂದುವರಿಸಿದರು. ಅಲ್ಲಿಂದ ಅದು ಅಮೆರಿಕಕ್ಕೂ ಹೋಯಿತು. ಹೆರ್ಬಾರ್ಟನು ತಾನಾದರೋ ಬಾಲಕರಿಗೆ ಗ್ರೀಕರ ಒಡಿಸ್ಸಿಯನ್ನು ಓದಿಸಬೇಕೆಂದಿದ್ದವನು. ಗುರುವು ಮಹಾಕಾವ್ಯವನ್ನಿಟ್ಟ ಸ್ಥಳಕ್ಕಿಂತಲೂ ಮುಂಚೆ ಶಿಷ್ಯನು ಅಜ್ಜಿಯ ಕಥೆಯನ್ನು ತಂದಿಟ್ಟನು. ಇದು ಸಾಹಸದ ಕೆಲಸವೇ ಸರಿ, ಮತ್ತು ಇಷ್ಟರಮಟ್ಟಿಗೆ ನಾನು ಶಿಷ್ಯನ ಪಕ್ಷ.

ಆದರೆ ಅವನು ಕಥೆಯನ್ನು ಎತ್ತಿ ಕೂರಿಸಿದ ಪೀಠವೇ ಅದಕ್ಕೆ ತೊಡಕಾಯಿತು. ಯುಗಸಿದ್ಧಾಂತವನ್ನು ಈಗ ಯಾರೂ ಒಪ್ಪುವುದಿಲ್ಲ, ಅದು ಹೋಗಲಿ. ತ್ಸಿಲರನು ಕಥೆಯನ್ನು ಕರೆತಂದುದು ಶೀಲಸಂಸ್ಕಾರದ ಸಾಮಗ್ರಿಯೆಂದು. ನಕ್ಷತ್ರಗಳು ಹಣವಾಗಿ ಉದುರಿದ ಕಥೆಯನ್ನು ನೋಡಬಹುದು. ತಂದೆತಾಯಿಗಳಿಲ್ಲದ ಹುಡುಗಿಯೊಬ್ಬಳು ತನ್ನ ರೊಟ್ಟಿಯನ್ನೂ ಟೋಪಿಯನ್ನೂ ಅಂಗಿಯನ್ನೂ ದಾರಿಯಲ್ಲಿ ಕಂಡವರಿಗೆ ಕೊಡುತ್ತ ಹೋಗಿ, ಕೊನೆಗೆ ಕತ್ತಲೆಯ ಕಾಡಿನಲ್ಲಿ ಏನೂ ಇಲ್ಲದೆ ನಿಲ್ಲುತ್ತಾಳೆ. ಆಗ ಆಕಾಶದಿಂದ ನಕ್ಷತ್ರಗಳು ನಾಣ್ಯಗಳಾಗಿ ಬೀಳುತ್ತವೆ. ಇದನ್ನು ದಾನಧರ್ಮದ ಪಾಠವೆಂದು ಹೇಳಿಬಿಟ್ಟರೆ ಉಳಿಯುವುದು ಬಡ್ಡಿಯ ಲೆಕ್ಕವೊಂದೇ: ಅಂಗಿ ಕೊಟ್ಟರೆ ಹಣ ಬರುತ್ತದೆ. ಕಥೆಯು ಹಾಗೆ ಹೇಳುವುದಿಲ್ಲ. ಹುಡುಗಿಯು ಏನನ್ನೂ ನಿರೀಕ್ಷಿಸಿದವಳಲ್ಲ. ನಕ್ಷತ್ರಗಳು ಬಿದ್ದುದು ಅವಳಿಗೂ ಕೇಳುಗನಿಗೂ ಸಮಾನವಾಗಿ ಆಶ್ಚರ್ಯ. ಆ ಆಶ್ಚರ್ಯವೇ ಇಲ್ಲಿಯ ರಸ. ವಿಸ್ಮಯವು ಸ್ಥಾಯಿಯಾಗಿರುವ ಅದ್ಭುತವನ್ನು ಲೇವಾದೇವಿಯನ್ನಾಗಿ ಮಾಡುವುದು ರಸಭಂಗವಲ್ಲದೆ ಮತ್ತೇನು?

ನಮ್ಮ ಆಲಂಕಾರಿಕರು ಉಪದೇಶವನ್ನು ಮೂರು ಬಗೆಯೆಂದು ವಿಂಗಡಿಸಿರುವುದು ವಾಚಕಮಹಾಶಯರಿಗೆ ವಿದಿತವೇ ಆಗಿದೆ. ವೇದವು ಪ್ರಭುವಿನಂತೆ ಆಜ್ಞಾಪಿಸುತ್ತದೆ. ಪುರಾಣವು ಮಿತ್ರನಂತೆ ತಿಳಿಯಹೇಳುತ್ತದೆ. ಕಾವ್ಯವು ಕಾಂತೆಯಂತೆ ಒಲಿಸಿಕೊಂಡು ಹೇಳುತ್ತದೆ. ಅದ್ಭುತಕಥೆಯು ಈ ಮೂರರಲ್ಲಿ ಯಾವುದರಲ್ಲಿಯೂ ಸೇರದೆಂದು ನನಗೆ ತೋರುತ್ತದೆ. ಮಮ್ಮಟನ ಅನುಮತಿಯಿಲ್ಲದೆ ನಾಲ್ಕನೆಯದೊಂದನ್ನು ಸೇರಿಸುವುದಾದರೆ ಅದನ್ನು ‘ಮಾತಾಮಹೀಸಮ್ಮಿತ’ ಎನ್ನಬೇಕು. ಅಜ್ಜಿಯು ಕಥೆ ಹೇಳುವುದು ಮಗುವನ್ನು ತಿದ್ದುವುದಕ್ಕಲ್ಲ, ಅದು ಮಲಗಲೆಂದು. ಉಪದೇಶವಾದರೆ ಅದು ಅವಳ ಗಮನಕ್ಕೆ ಬಾರದೆ ಆಗುತ್ತದೆ. ಹಿತೋಪದೇಶದ ನಾರಾಯಣಪಂಡಿತನು ಕಥೆಯ ನೆವದಿಂದ ಬಾಲಕರಿಗೆ ನೀತಿಯನ್ನು ಹೇಳುತ್ತೇನೆಂದು ಗ್ರಂಥಾರಂಭದಲ್ಲಿಯೇ ಒಪ್ಪಿಕೊಂಡವನು. ವಿಷ್ಣುಶರ್ಮನೂ ಅಮರಶಕ್ತಿಯ ಮೂವರು ಮಕ್ಕಳನ್ನು ಆರು ತಿಂಗಳಲ್ಲಿ ನೀತಿಜ್ಞರನ್ನಾಗಿ ಮಾಡುವ ಪಣವನ್ನು ತೊಟ್ಟವನು. ಅವರು ನೆವವೆಂದು ಹೇಳಿ ನೆವವನ್ನು ಹೂಡಿದರು. ಅಜ್ಜಿಗೆ ಯಾವ ನೆವವೂ ಇಲ್ಲ. ಈ ಎರಡು ಜಾತಿಗಳನ್ನು ಒಂದೇ ಕೊಟ್ಟಿಗೆಯಲ್ಲಿ ಕಟ್ಟಿ, ಎರಡಕ್ಕೂ ‘ನೀತಿಯೇನು?’ ಎಂಬ ಒಂದೇ ಮೇವನ್ನು ಹಾಕುವುದು ನಮ್ಮ ಪಾಠಪುಸ್ತಕಗಳಲ್ಲಿ ಬೇರೂರಿರುವ ತಪ್ಪು.

ಈ ಮಾತಿಗೆ ಒಂದು ದೃಷ್ಟಾಂತವನ್ನು ಕೊಡದಿದ್ದರೆ ಸಾಲದು. ಹಗಲುಗನಸಿನ ಗಡಿಗೆಯ ಕಥೆಯು ಎಲ್ಲರಿಗೂ ಗೊತ್ತು. ಪಂಚತಂತ್ರದ ಐದನೆಯ ತಂತ್ರದಲ್ಲಿ ಸ್ವಭಾವಕೃಪಣನೆಂಬ ಬ್ರಾಹ್ಮಣನು ಭಿಕ್ಷೆಯಿಂದ ಮಿಕ್ಕ ಹಿಟ್ಟನ್ನು ಗಡಿಗೆಯಲ್ಲಿ ತುಂಬಿ ಗೂಟಕ್ಕೆ ತೂಗಹಾಕಿ, ಅದರ ಕೆಳಗೆ ಮಲಗಿ ಎಣಿಸುತ್ತಾನೆ: ಕ್ಷಾಮ ಬಂದರೆ ಹಿಟ್ಟಿಗೆ ನೂರು ನಾಣ್ಯ, ಅದರಿಂದ ಎರಡು ಮೇಕೆ, ಮೇಕೆಯಿಂದ ಹಸು, ಹಸುವಿನಿಂದ ಎಮ್ಮೆ, ಎಮ್ಮೆಯಿಂದ ಕುದುರೆ, ಮನೆ, ಹೆಂಡತಿ, ಸೋಮಶರ್ಮನೆಂಬ ಮಗ. ಮಗುವನ್ನು ನೋಡಿಕೊಳ್ಳದ ಹೆಂಡತಿಯನ್ನು ಒದೆಯುತ್ತೇನೆಂದು ಕಾಲೆತ್ತಿದನು. ಗಡಿಗೆಯೊಡೆದು ಮೈಯೆಲ್ಲ ಬೆಳ್ಳಗಾಯಿತು. ಹಿತೋಪದೇಶದಲ್ಲಿ ಅವನು ದೇವಶರ್ಮನಾಗಿ ಕುಂಬಾರನ ಮಂಟಪದಲ್ಲಿ ಮಲಗುತ್ತಾನೆ. ಕಲ್ಪನೆಯ ಸವತಿಯರ ಜಗಳವನ್ನು ಬಿಡಿಸಲು ಎಸೆದ ದೊಣ್ಣೆಯಿಂದ ತನ್ನ ಗಡಿಗೆಯ ಜೊತೆಗೆ ಕುಂಬಾರನ ಗಡಿಗೆಗಳನ್ನೂ ಒಡೆದು ಹೊರದೂಡಿಸಿಕೊಳ್ಳುತ್ತಾನೆ. ಅದೇ ಗಡಿಗೆಯು ಪಶ್ಚಿಮಕ್ಕೆ ನಡೆದು ಹೋಗಿ, 1678ರಲ್ಲಿ ಲಾಫೊಂತೇನ್ ಕವಿಯ ಹಾಲುಮಾರುವವಳ ತಲೆಯ ಮೇಲೆ ಕುಳಿತಿತು. ಈ ಸಂಚಾರವನ್ನು ಮ್ಯಾಕ್ಸ್ ಮುಲ್ಲರ್ 1870ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದ್ದಾನೆ. ಗ್ರಿಮ್ ಸಂಗ್ರಹದಲ್ಲಿ ಅದು ಸೋಮಾರಿ ಹೈನ್ಸನ ಜೇನಿನ ಜಾಡಿ. ಅವನೂ ಅವನ ಹೆಂಡತಿಯಾದ ದಪ್ಪ ತ್ರೀನಳೂ ಹಾಸಿಗೆಯಲ್ಲಿ ಮಲಗಿಕೊಂಡೇ, ಜೇನನ್ನು ಕೊಟ್ಟು ಬಾತುಗಳನ್ನು ತರುವ ವಿಚಾರವನ್ನು ಮಾತನಾಡುತ್ತಾರೆ. ಬಾತುಗಳನ್ನು ಕಾಯಲು ಮಗ ಬೇಕು, ಹುಟ್ಟದ ಆ ಮಗನು ಮಾತು ಕೇಳದಿದ್ದರೆ ಹೀಗೆ ಹೊಡೆಯುತ್ತೇನೆಂದು ತ್ರೀನಳು ಕೋಲನ್ನು ಬೀಸುತ್ತಾಳೆ, ಜಾಡಿಯು ಚೂರಾಗುತ್ತದೆ.

ಇಲ್ಲಿಯವರೆಗೆ ಎಲ್ಲವೂ ಒಂದೇ. ಆದರೆ ಹೈನ್ಸನು ಬೆಳ್ಳಗೂ ಆಗುವುದಿಲ್ಲ, ಹೊರದೂಡಿಸಿಕೊಳ್ಳುವುದೂ ಇಲ್ಲ. ಜಾಡಿಯು ತಲೆಯ ಮೇಲೆ ಬೀಳಲಿಲ್ಲವೆಂದು ಸಂತೋಷಪಡುತ್ತಾನೆ. ಚೂರಿನಲ್ಲಿ ಉಳಿದ ಜೇನನ್ನು ಇಬ್ಬರೂ ತಿಂದು, ಆ ಗಾಬರಿಯ ದಣಿವನ್ನು ಆರಿಸಿಕೊಳ್ಳಲು ಇನ್ನೂ ಸ್ವಲ್ಪ ಹೊತ್ತು ಮಲಗುವುದೆಂದು ನಿಶ್ಚಯಿಸುತ್ತಾರೆ. ಈ ದಂಪತಿಗಳಿಗೆ ಕಥೆಯು ಯಾವ ಶಿಕ್ಷೆಯನ್ನೂ ವಿಧಿಸುವುದಿಲ್ಲ, ಅವರು ಯಾವ ಪಾಠವನ್ನೂ ಕಲಿಯುವುದಿಲ್ಲ. ಇದರ ನೀತಿಯೇನೆಂದು ಕೇಳಿದ ಉಪಾಧ್ಯಾಯನು ಸುಳ್ಳುತ್ತರವನ್ನೇ ಪಡೆಯಬೇಕು. ಏಕೆಂದರೆ ಉಪಾಧ್ಯಾಯನಿಗೆ ಬೇಕಾದುದೇನೆಂಬುದನ್ನು ಮಕ್ಕಳು ಬೇಗ ತಿಳಿಯುತ್ತಾರೆ. ನಾಲ್ಕು ಗಡಿಗೆಗಳನ್ನೂ ಒಂದೊಂದು ವಾರ ಪೂರ್ತಿಯಾಗಿ ಹೇಳಿ, ‘ಇವರಲ್ಲಿ ನಿನಗೆ ಯಾರ ಮನೆಯಲ್ಲಿರಲು ಇಷ್ಟ?’ ಎಂದು ಕೇಳಿದರೆ ಮಗುವು ಯೋಚಿಸಬೇಕಾಗುತ್ತದೆ. ಅದು ವಿಮರ್ಶೆಯ ಪ್ರಥಮ ಪಾಠ.

ಇನ್ನು, ಕಥೆಯನ್ನು ಮಕ್ಕಳಿಗೆ ಹದಮಾಡುವ ಪ್ರಶ್ನೆ. ಗ್ರಿಮ್ ಸಹೋದರರು ಮೂಲತಃ ಶಬ್ದಶಾಸ್ತ್ರಜ್ಞರು. ಜರ್ಮನ್ ಭಾಷೆಯ ವ್ಯಾಕರಣವನ್ನು ಬರೆದು ವ್ಯಂಜನಪರಿವರ್ತನೆಯ ನಿಯಮಕ್ಕೆ ತನ್ನ ಹೆಸರನ್ನು ಕೊಟ್ಟವನು ಈ ಯಾಕೋಬನೇ. 1812ರ ಮೊದಲನೆಯ ಸಂಪುಟವು ಟಿಪ್ಪಣಿಸಹಿತವಾದ ವಿದ್ವದ್ಗ್ರಂಥವಾಗಿದ್ದಿತು. ಅದು ಮಕ್ಕಳ ಕೈಗೆ ಹೋದಂತೆ ವಿಲ್ಹೆಲ್ಮನು ಮುದ್ರಣದಿಂದ ಮುದ್ರಣಕ್ಕೆ, 1857ರ ಏಳನೆಯದರವರೆಗೆ, ತಿದ್ದುತ್ತ ಬಂದನು. ಹಿಮದಂತೆ ಬೆಳ್ಳಗಿದ್ದ ರಾಜಕುಮಾರಿಯನ್ನು ಕೊಲ್ಲಿಸಹೊರಟವಳು 1812ರಲ್ಲಿ ಹೆತ್ತ ತಾಯಿ, 1819ರಲ್ಲಿ ಮಲತಾಯಿ. ಹಾನ್ಸೆಲ್ ಮತ್ತು ಗ್ರೇಟೆಲರನ್ನು ಕಾಡಿನಲ್ಲಿ ಬಿಟ್ಟುಬರುವಂತೆ ಗಂಡನನ್ನು ಒತ್ತಾಯಪಡಿಸಿದವಳೂ ಮೊದಲು ತಾಯಿಯೇ. 1840ರ ಮುದ್ರಣದಲ್ಲಿ ಅವಳು ಮಲತಾಯಿಯಾದಳು. ಗೋಪುರದಲ್ಲಿದ್ದ ರಾಪುನ್ಸೆಲಳು ತನ್ನ ಬಟ್ಟೆಗಳು ಬಿಗಿಯಾಗುತ್ತಿವೆಯೇಕೆಂದು ಮುಗ್ಧತೆಯಿಂದ ಕೇಳಿ ಗುಟ್ಟು ಬಯಲಾದುದನ್ನು ಅಳಿಸಿ, ರಾಜಕುಮಾರನಿಗಿಂತ ನಿನ್ನನ್ನು ಎಳೆಯುವುದು ಕಷ್ಟವೇಕೆಂದು ಮುದುಕಿಯನ್ನು ಕೇಳಿದಳೆಂದು ಬದಲಾಯಿಸಿದರು. ಪರಿಣಾಮವಾಗಿ ಮುಗ್ಧೆಯು ಮಂದಮತಿಯಾದಳು. ಸಹೋದರರು ತಿದ್ದುಪಡಿಗಳನ್ನು ಕೈಯಾರೆ ಬರೆದುಕೊಂಡ ಪ್ರತಿಗಳು ಕಾಸ್ಸೆಲ್ ನಗರದಲ್ಲಿವೆ. ಯುನೆಸ್ಕೋ ಸಂಸ್ಥೆಯು 2005ರಲ್ಲಿ ಅವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಒಬ್ಬ ಸಂಪಾದಕನ ಸಂಕೋಚವು ಕಥೆಯನ್ನು ಹೇಗೆ ರೂಪಿಸುತ್ತದೆಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷ್ಯವು ನಮ್ಮ ಹಸ್ತಪ್ರತಿಗಳಲ್ಲಿ ದೊರೆಯುವುದು ದುರ್ಲಭ.

ವಿಲ್ಹೆಲ್ಮನು ತಾಯಿಯನ್ನು ಕಾಪಾಡಿದನು, ಕ್ರೌರ್ಯವನ್ನು ಮಾತ್ರ ಉಳಿಸಿದನು. ಕೆಟ್ಟ ರಾಣಿಯು ಕೆಂಪಗೆ ಕಾದ ಕಬ್ಬಿಣದ ಪಾದರಕ್ಷೆಗಳಲ್ಲಿ ಸಾಯುವವರೆಗೆ ಕುಣಿಯುತ್ತಾಳೆ. ಬೂದಿಯ ಹುಡುಗಿಯ ಅಕ್ಕಂದಿರ ಕಣ್ಣುಗಳನ್ನು ಪಾರಿವಾಳಗಳು ಕುಕ್ಕುತ್ತವೆ. ಇಂದಿನ ಪಾಠಪುಸ್ತಕಗಳು ಇದನ್ನು ತಲೆಕೆಳಗುಮಾಡಿವೆ: ಮಲತಾಯಿಯು ಉಳಿದಳು, ಪಾದರಕ್ಷೆ ಹೋಯಿತು. ಇದರಲ್ಲಿ ಯಾವುದು ಮಗುವಿಗೆ ಹೆಚ್ಚು ಹಾನಿಕರವೆಂಬುದನ್ನು ಯಾರಾದರೂ ತೂಗಿ ನೋಡಿದರೋ ಇಲ್ಲವೋ! ಕಾದ ಪಾದರಕ್ಷೆಯನ್ನು ಯಾವ ಮಗುವೂ ಕಂಡಿಲ್ಲ. ಸ್ವಿಟ್ಸರ್ಲೆಂಡಿನ ಮ್ಯಾಕ್ಸ್ ಲ್ಯೂಟಿ ಎಂಬ ವಿಮರ್ಶಕನು 1947ರ ತನ್ನ ಗ್ರಂಥದಲ್ಲಿ, ಈ ಕಥೆಗಳ ಪಾತ್ರಗಳಿಗೆ ಆಳವಿಲ್ಲ, ಅವು ಕಾಗದದ ಬೊಂಬೆಗಳಂತೆ. ಕೈಬೆರಳನ್ನು ಕತ್ತರಿಸಿದರೂ ರಕ್ತ ಸುರಿಯುವುದಿಲ್ಲ ಎಂಬ ಅಭಿಪ್ರಾಯವನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದಾನೆ. ಇದು ಸೂಕ್ಷ್ಮವಾದ ಮಾತು. ಇಲ್ಲಿಯ ಕ್ರೌರ್ಯವು ಭಯಾನಕದ ಆಲಂಬನವಾಗದೆ ಅದ್ಭುತದ ಅಂಗವಾಗಿಯೇ ನಿಲ್ಲುತ್ತದೆ. ಮಲತಾಯಿಯಾದರೋ ತರಗತಿಯಲ್ಲಿ ಕುಳಿತ ಯಾವುದೋ ಮಗುವಿನ ಮನೆಯಲ್ಲಿ ನಿಜವಾಗಿಯೇ ಇದ್ದಾಳೆ, ಬೆಳಗ್ಗೆ ಅದಕ್ಕೆ ತಲೆಬಾಚಿ ಕಳುಹಿಸಿದ್ದಾಳೆ.

ಹಾಗಾದರೆ ಎಲ್ಲವನ್ನೂ ಹೇಳತಕ್ಕದ್ದೆ? ಕೂಡದು. ಗ್ರಿಮ್ ಸಂಗ್ರಹದ ಏಳನೆಯ ಮುದ್ರಣದಲ್ಲಿಯೂ ಮುಳ್ಳುಪೊದೆಯಲ್ಲಿ ಸಿಕ್ಕಿದ ಯೆಹೂದ್ಯನ ಕಥೆಯೊಂದಿದೆ. ಪಿಟೀಲಿನ ಮಾಯೆಯಿಂದ ಅವನನ್ನು ಮುಳ್ಳಿನಲ್ಲಿ ಕುಣಿಸಿ, ಕೊನೆಗೆ ಗಲ್ಲಿಗೇರಿಸಿ, ಕೇಳುಗರನ್ನು ನಗಿಸುವ ಕಥೆ. ಆ ದೇಶದಲ್ಲಿ 1933ರಿಂದ 1945ರವರೆಗೆ ನಡೆದುದನ್ನು ತಿಳಿದವರಾರೂ ಅದನ್ನು ಮಕ್ಕಳ ಮುಂದಿಡಲಾರರು. ಅದರಲ್ಲಿಯ ‘ಯೆಹೂದ್ಯ’ ಎಂಬ ಮಾತನ್ನು ತೆಗೆದು ‘ಜಿಪುಣ’ ಎಂದು ಹಾಕಿ ಕಥೆಯನ್ನು ಉಳಿಸಿಕೊಳ್ಳುವುದು ಇನ್ನೂ ಕೆಟ್ಟದ್ದು. ವಿಷವನ್ನು ಉಳಿಸಿ ಸೀಸೆಯ ಮೇಲಣ ಚೀಟಿಯನ್ನು ಕಿತ್ತಂತೆ. ಆರಿಸುವ ಅಧಿಕಾರವು ಉಪಾಧ್ಯಾಯನಿಗಿದೆ. ಕತ್ತರಿಸುವ ಅಧಿಕಾರವು ಇಲ್ಲವೆಂಬುದು ನನ್ನ ಮತ. ಸಹೋದರರೂ ಒಮ್ಮೆ ಹೀಗೆ ಮಾಡಿದರು: ಮಕ್ಕಳು ಕಟುಕರ ಆಟವಾಡಿದ ಘೋರಕಥೆಯೊಂದನ್ನು 1819ರಲ್ಲಿ ತಿದ್ದದೆ ಇಡಿಯಾಗಿ ಕೈಬಿಟ್ಟರು. ಅವರ ಎಲ್ಲ ತಿದ್ದುಪಡಿಗಳಿಗಿಂತ ಆ ಕೈಬಿಡುವಿಕೆಯೇ ವಿವೇಕವುಳ್ಳದ್ದು.

ಕಥೆಯು ಬೇರೆ ಪಾಠಗಳಿಗೆ ಒದಗಲೇಬಾರದೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ತಾನಾಗಿಯೇ ಚಾಚಿದ ಕೈಯನ್ನು ಹಿಡಿಯಬಹುದು. ಮೂವರು ನೂಲುವವರ ಕಥೆಯನ್ನು ನೋಡಿರಿ. ನೂಲಲೊಲ್ಲದ ಹುಡುಗಿಗೆ ಮೂವರು ಮುದುಕಿಯರು ನೂತುಕೊಡುತ್ತಾರೆ. ಒಬ್ಬಳ ಪಾದವು ಅಗಲ, ಒಬ್ಬಳ ಕೆಳದುಟಿಯು ಜೋಲು, ಒಬ್ಬಳ ಹೆಬ್ಬೆರಳು ಚಪ್ಪಟೆ. ಮದುವೆಯ ದಿನ ವರನು ಕಾರಣವನ್ನು ಕೇಳಿದಾಗ, ರಾಟೆಯನ್ನು ತುಳಿದು ಪಾದವೂ, ಎಳೆಯನ್ನು ನೆಕ್ಕಿ ತುಟಿಯೂ, ಹುರಿಮಾಡಿ ಬೆರಳೂ ಹೀಗಾದುವೆಂದು ಹೇಳುತ್ತಾರೆ. ಅವನು ಹೆದರಿ, ತನ್ನ ಹೆಂಡತಿಯು ಇನ್ನು ಮೇಲೆ ರಾಟೆಯನ್ನು ಮುಟ್ಟಕೂಡದೆಂದು ಆಣತಿಕೊಡುತ್ತಾನೆ. ಯಂತ್ರಗಳಿಗೆ ಮುಂಚೆ ಯೂರೋಪಿನ ಹೆಂಗಸರ ಆಯುಷ್ಯವು ಹೇಗೆ ನೂಲಿನಲ್ಲಿ ಸವೆಯುತ್ತಿದ್ದಿತೆಂಬುದನ್ನು ಇಷ್ಟು ನಗುತ್ತ ಹೇಳಿದ ಚರಿತ್ರೆಯ ಪಾಠವು ಬೇರೊಂದಿಲ್ಲ. ಮುಳ್ಳುಗುಲಾಬಿಯ ರಾಜಕುಮಾರಿಯು ಕದಿರು ಚುಚ್ಚಿ ನಿದ್ರಿಸಿದಳೆಂಬಲ್ಲಿ ನಮ್ಮ ಮಕ್ಕಳಿಗೆ ಕದಿರೆಂದರೇನೆಂಬುದೇ ತಿಳಿಯದು. ತಕಲಿಯೊಂದನ್ನು ತಂದು ಎಳೆಯನ್ನು ತೆಗೆದು ತೋರಿಸಿದರೆ ಅದು ಕಥೆಗೆ ಮಾಡಿದ ಉಪಕಾರ. ಹುಲ್ಲುಕಡ್ಡಿ, ಕೆಂಡ, ಅವರೆಯ ಜಾತಿಯ ಕಾಳು ಈ ಮೂವರ ಪ್ರಯಾಣದ ಕಥೆಯಿದೆ. ಕಡ್ಡಿಯು ಹಳ್ಳಕ್ಕೆ ಸೇತುವೆಯಾಗಿ ಮಲಗಿತು, ಕೆಂಡವು ನಡುವೆ ಹೆದರಿ ನಿಂತು ಕಡ್ಡಿಯನ್ನು ಸುಟ್ಟಿತು, ಎರಡೂ ನೀರುಪಾಲಾದುವು. ದಡದಲ್ಲಿದ್ದ ಕಾಳು ನಕ್ಕು ನಕ್ಕು ಬಿರಿಯಿತು. ದಾರಿಹೋಕನಾದ ದರ್ಜಿಯು ಕಪ್ಪು ದಾರದಿಂದ ಹೊಲಿದುದರಿಂದ ಕಾಳಿಗೆ ಕಪ್ಪು ಗೆರೆ ಬಂದಿತಂತೆ. ಈ ಕಥೆಯನ್ನು ಹೇಳಿ ನಮ್ಮ ಅವರೆಕಾಳನ್ನು ಕೈಗೆ ಕೊಟ್ಟರೆ, ನಮ್ಮ ದರ್ಜಿಯು ಬಿಳಿಯ ದಾರವನ್ನೇಕೆ ಹಾಕಿದನೆಂದು ಮಕ್ಕಳು ಕೇಳದೆ ಬಿಡರು. ಪ್ರಕೃತಿಪಾಠಕ್ಕೆ ಅದಕ್ಕಿಂತ ಒಳ್ಳೆಯ ಆರಂಭವು ಬೇಕಿಲ್ಲ. ಗಣಿತದ ಮಾತು ಬೇರೆ. ಮೂವರು ಮಕ್ಕಳು, ಏಳು ಕುಬ್ಜರು ಎಂಬಲ್ಲಿಯ ಸಂಖ್ಯೆಗಳು ಲಯಕ್ಕಾಗಿ ಬಂದವು. ಅವನ್ನು ಕೂಡಿಸಿ ಕಳೆದರೆ ಕಥೆಗೂ ಲಾಭವಿಲ್ಲ, ಗಣಿತಕ್ಕೂ ಇಲ್ಲ.

ಕಥೆಯು ತಾನಾಗಿ ಕೊಂಡೊಯ್ಯುವ ಮತ್ತೊಂದು ದಾರಿಯು ಭೂಗೋಳದ್ದು. ಬೂದಿಯ ಹುಡುಗಿಯ ಕಥೆಯ 345 ರೂಪಾಂತರಗಳನ್ನು ಮೇರಿಯನ್ ರೋಲ್ಫ್ ಕಾಕ್ಸ್ ಎಂಬ ವಿದುಷಿಯು 1893ರಲ್ಲಿಯೇ ಕಲೆಹಾಕಿದಳು. ಪೆರೋನ ಕಥೆಯಲ್ಲಿ ಕುಂಬಳಕಾಯಿಯ ರಥವೂ ಗಾಜಿನ ಪಾದರಕ್ಷೆಯೂ ಇವೆ. ಗ್ರಿಮ್ ಕಥೆಯಲ್ಲಿ ಅವೆರಡೂ ಇಲ್ಲ, ತಾಯಿಯ ಸಮಾಧಿಯ ಮೇಲೆ ಬೆಳೆದ ಗಿಡವೂ ಅದರ ಮೇಲಣ ಹಕ್ಕಿಯೂ ಇವೆ. ಒಂಬತ್ತನೆಯ ಶತಮಾನದ ಚೀನೀ ಗ್ರಂಥವೊಂದರಲ್ಲಿ ಅವಳಿಗೆ ನೆರವಾಗುವುದು ಮೀನಿನ ಮೂಳೆಗಳು. ನಮ್ಮ ನಾಡಿನಲ್ಲಿ ಅವಳ ಹೆಸರು ಹಂಚಿ. ಮೈಸೂರಿನಲ್ಲಿ ಜನಿಸಿದ ಎ. ಕೆ. ರಾಮಾನುಜನ್ ಅವರು ಈ ಕನ್ನಡ ಕಥೆಯನ್ನು ಕುರಿತು ಬರೆದ ಲೇಖನವು 1982ರಲ್ಲಿ ಅಮೆರಿಕದ ಅಲನ್ ಡಂಡಸ್ ಅವರು ಸಂಪಾದಿಸಿದ ಸಂಕಲನದಲ್ಲಿ ಪ್ರಕಟವಾಯಿತು. ಹೊನ್ನಿನ ಕೂದಲಿನ ಹುಡುಗಿಯು ಮಣ್ಣಿನ ಮುಖವಾಡವನ್ನು ತೊಟ್ಟು ಮನೆಬಿಟ್ಟು ಹೋಗಿ, ಸಾಹುಕಾರರ ಮನೆಯಲ್ಲಿ ಊಳಿಗಕ್ಕೆ ನಿಲ್ಲುತ್ತಾಳೆ. ಅವಳ ಹೆಸರು ಆ ಹಂಚಿನಿಂದಲೇ ಬಂದುದು. ಅವಳು ಮನೆಬಿಟ್ಟ ಕಾರಣವು ಒಡಹುಟ್ಟಿದವನ ದುರಾಸೆಯಾದುದರಿಂದ ಇದನ್ನು ಆರು ವರ್ಷದವರಿಗೆ ಹೇಳತಕ್ಕದ್ದಲ್ಲ. ಮೇಲೆ ಹೇಳಿದ ನಿಯಮದಂತೆ ಕಾರಣವನ್ನು ಅಳಿಸಿ ಹೇಳತಕ್ಕದ್ದೂ ಅಲ್ಲ. ಆದರೆ ಉಪಾಧ್ಯಾಯರಾಗತಕ್ಕವರಿಗೆ ಅವಶ್ಯವಾಗಿ ಪಾಠಮಾಡಬೇಕು. ಪೆರೋನ ನಾಯಿಕೆಯ ಕಷ್ಟಗಳು ಮದುವೆಯೊಡನೆ ಮುಗಿಯುತ್ತವೆ. ಹಂಚಿಯ ಕಷ್ಟಗಳಲ್ಲಿ ಒಂದು ಭಾಗವು ಮದುವೆಯ ಅನಂತರವೇ ಮೊದಲಾಗುತ್ತದೆ. ಇಂತಹ ವ್ಯತ್ಯಾಸವೊಂದನ್ನು ಕಂಡುಕೊಂಡ ಉಪಾಧ್ಯಾಯನು ಕಥೆಗೆ ಒಂದೇ ಸರಿಯಾದ ಪಾಠವುಂಟೆಂದು ಮತ್ತೆ ನಂಬಲಾರನು.

ಉಪಾಧ್ಯಾಯಿನಿಯವರಿಗೆ ನಾನು ಯೋಜನೆಯನ್ನು ಹಿಂದಿರುಗಿಸಿದಾಗ ಮಾಡಿದ್ದ ತಿದ್ದುಪಡಿಯು ಒಂದೇ: ಹತ್ತನೆಯ ದಿನದ್ದನ್ನು ಮೊದಲನೆಯ ದಿನಕ್ಕೆ ತಂದಿದ್ದೆನು. ಅಂದರೆ, ಮೊದಲ ದಿನವೇ ಕಥೆಯನ್ನು ಆದಿಯಿಂದ ಅಂತ್ಯದವರೆಗೆ, ನಿಲ್ಲಿಸದೆ, ಪ್ರಶ್ನೆ ಕೇಳದೆ ಹೇಳುವುದು. ಕಥೆಯ ಕೊನೆಯು ತಿಳಿದ ಮೇಲೆ ಲೆಕ್ಕಕ್ಕೂ ನಕ್ಷೆಗೂ ಮಕ್ಕಳ ಕುತೂಹಲವು ಉಳಿಯುವುದೆಂತು ಎಂದು ಆಕೆ ಕೇಳಿದರು. ಕೊನೆಯು ತಿಳಿದಿರುವ ಕಥೆಯನ್ನೇ ಮಕ್ಕಳು ‘ಇನ್ನೊಮ್ಮೆ ಹೇಳು’ ಎಂದು ಪೀಡಿಸುವುದನ್ನು ಎಲ್ಲ ಅಜ್ಜಿಯರೂ ಬಲ್ಲರೆಂದೆನು. ಅದಕ್ಕೆ ಆಕೆ ಒಪ್ಪಿದರು. ಆದರೆ ಅವರ ಎರಡನೆಯ ಪ್ರಶ್ನೆಯು ಅಷ್ಟು ಸುಲಭವಾಗಿರಲಿಲ್ಲ. ಮುಂದಿನ ತಿಂಗಳಿಗೆ ಹಾನ್ಸೆಲ್ ಮತ್ತು ಗ್ರೇಟೆಲರ ಕಥೆಯನ್ನು ಇಟ್ಟುಕೊಂಡಿದ್ದರು. ತಾಯಿಯೆಂದು ಹೇಳಲೆ, ಮಲತಾಯಿಯೆಂದು ಹೇಳಲೆ ಎಂದು ಕೇಳಿದರು. 1812ರ ಪಾಠವೇ ಪ್ರಾಚೀನವಾದುದರಿಂದ ತಾಯಿಯೆಂದೇ ಹೇಳಬಹುದೆಂದು ನಾನು ಗ್ರಂಥಸಂಪಾದಕನ ಉತ್ತರವನ್ನು ಕೊಟ್ಟೆನು. ‘ನನ್ನ ತರಗತಿಯಲ್ಲಿ ಮಲತಾಯಿಯಿರುವ ಮಕ್ಕಳು ಇಬ್ಬರು. ಹೆತ್ತವಳೇ ಕಾಡಿನಲ್ಲಿ ಬಿಟ್ಟುಬರಬಲ್ಲಳೆಂದರೆ ಉಳಿದ ಮೂವತ್ತು ಮಕ್ಕಳು ಆ ರಾತ್ರಿ ಮಲಗುವುದೆಂತು?’ ಎಂದರು. ಅಜ್ಜಿಯ ಪ್ರಯೋಜನವನ್ನು ನಾನೇ ಹೇಳಿದ್ದೆನಾದುದರಿಂದ ನನಗೆ ಉತ್ತರ ತೋಚಲಿಲ್ಲ. ಆಕೆ ಆ ಕಥೆಯನ್ನು ಬಿಟ್ಟು ಬ್ರೆಮೆನ್ ಪಟ್ಟಣದ ವಾದ್ಯಗಾರರ ಕಥೆಯನ್ನು, ಆ ಮುದಿ ಕತ್ತೆ, ನಾಯಿ, ಬೆಕ್ಕು, ಹುಂಜಗಳನ್ನು, ಆರಿಸಿಕೊಂಡರು. ಮೊದಲ ದಿನವೇ ಪೂರ್ತಿಯಾಗಿ ಹೇಳಿದರೆಂದು ಅನಂತರ ತಿಳಿಯಿತು.